ಬಲ್ಬ್ ಜೋರಾಗಿ ಉರಿದ ಶನಿವಾರ

ಶಾಮಿಯಾನದವರಲ್ಲಿ ಲೈಟಿಂಗ್ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು. ಮದುವೆ, ಜಾತ್ರೆ, ರಸಮಂಜರಿ, ರಾತ್ರಿಯಿಡೀ ನಡೆಯುವ ಪೌರಾಣಿಕ ನಾಟಕ, ಎಲ್ಲಕ್ಕೂ ಡಿಬಿ, ಅಂದರೆ ಕರೆಂಟು ಹಂಚುವ ಪೆಟ್ಟಿಗೆ, ಇಟ್ಟಿದ್ದೇನೆ. ಯಾವುದೂ ನಿದ್ದೆ ಕೆಡಿಸಿರಲಿಲ್ಲ. ತುಮಕೂರಿನ ಆ ಹಲಸು ಮೇಳ ಕೆಡಿಸಿತು.

ಜೂನ್ ತಿಂಗಳ ಶನಿವಾರ ಮತ್ತು ಭಾನುವಾರದ ಮೇಳ. ನಲವತ್ತು ಮಳಿಗೆ, ಒಂದು ವೇದಿಕೆ, 62.5 ಕೆವಿಎ ಜನರೇಟರ್. ಕೆಲಸಕ್ಕೆ ನಾನು ಮತ್ತು ಒಬ್ಬ ಹುಡುಗ, ಇಬ್ಬರೇ. ಹಿಂದಿನ ರಾತ್ರಿ ಆರತಕ್ಷತೆಯೊಂದರ ಸಾಮಾನು ಬಿಚ್ಚಿ ಲಾರಿಗೆ ತುಂಬುವಾಗ ಎರಡು ಗಂಟೆ ದಾಟಿತ್ತು. ಆರಕ್ಕೆ ಮತ್ತೆ ಮೈದಾನದಲ್ಲಿದ್ದೆವು. ಮಾಲೀಕರಿಗೆ ಶನಿವಾರದ ಆರ್ಡರ್ ಎಷ್ಟು ಬಂದರೂ ಸಾಲದು, ಜನ ಮಾತ್ರ ಅಷ್ಟೇ.

ಜನರೇಟರಿನ ಕರೆಂಟು ಬರುವುದು ಮೂರು ಫೇಸ್ ತಂತಿಗಳಲ್ಲಿ: ರೆಡ್, ಯೆಲ್ಲೋ, ಬ್ಲೂ. ರೆಡ್ ಫೇಸ್‌ಗೆ ತಿನಿಸಿನ ಮಳಿಗೆಗಳನ್ನು ಹಾಕಿದೆ. ಜ್ಯೂಸ್ ಮಿಕ್ಸರ್, ಐಸ್‌ಕ್ರೀಮಿನ ಡೀಪ್ ಫ್ರೀಜರ್, ಹಪ್ಪಳ ಕರಿಯುವವರ ಇಂಡಕ್ಷನ್ ಒಲೆ ಎಲ್ಲವೂ ಅದರ ಮೇಲೆಯೇ. ಯೆಲ್ಲೋಗೆ ಆವರಣದ ಲೈಟುಗಳು ಮತ್ತು ಮಕ್ಕಳ ಗಾಳಿ ಜಾರುಬಂಡೆಯ ಬ್ಲೋವರ್. ಬ್ಲೂಗೆ ಹಣ್ಣಿನ ಮಳಿಗೆಗಳು ಮತ್ತು ವೇದಿಕೆ. ಲೋಡ್ ಸಮನಾಗಿ ಹಂಚಲಿಲ್ಲ, ದಾರಿ ಹತ್ತಿರವಾಗುವಂತೆ ಹಂಚಿದೆ. ಕೇಬಲ್ ನಮ್ಮ ಹಳೆಯ ಮೂರೂವರೆ ಕೋರ್: ಮೂರು ಫೇಸ್ ತಂತಿಗಳು ಪೂರ್ಣ ಗಾತ್ರ, ಮೂರಕ್ಕೂ ಸೇರಿ ಕರೆಂಟು ಹಿಂತಿರುಗುವ ನ್ಯೂಟ್ರಲ್ ತಂತಿ ಅರ್ಧ ಗಾತ್ರ. ಎಲ್ಲ ಕಡೆ ಎಲ್‌ಇಡಿ ಬಂದ ಮೇಲೆ ಆ ಅರ್ಧ ಗಾತ್ರದ ನ್ಯೂಟ್ರಲ್ ಬಿಸಿಯಾಗುತ್ತಿದೆ, ನಾಲ್ಕು ಕೋರ್ ಕೊಡಿಸಿ ಎಂದು ಎರಡು ಸಲ ಕೇಳಿದ್ದೆ. "ಈ ಸೀಸನ್ ಮುಗಿಯಲಿ" ಎಂಬ ಉತ್ತರ ಸಿಕ್ಕಿತ್ತು.

ಸಂಜೆ ನಾಲ್ಕಕ್ಕೆಲ್ಲ ಜನ ತುಂಬಿದರು. ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದ ಕುಟುಂಬಗಳು ಚೇಳೂರಿನ ಸಿದ್ದು ಹಲಸು ಎಲ್ಲಿ ಎಂದು ಹುಡುಕಿಕೊಂಡು ಹೋಗುತ್ತಿದ್ದವು. ಕೊನೆಯ ಸಾಲಿನ ಕೊನೆಯ ಮಳಿಗೆಯಲ್ಲಿ ಒಬ್ಬ ಅಜ್ಜಿ ಆ ಹಣ್ಣನ್ನು ಬಿಡಿಸಿ ಮಾರುತ್ತಿದ್ದರು. ಕೈಗೆ ಎಣ್ಣೆ, ಎದುರಿಗೆ ಬಾಳೆ ಎಲೆ, ಎಲೆಯ ಮೇಲೆ ತಾಮ್ರಗೆಂಪು ತೊಳೆಗಳು. ನಾವು ಕೊಟ್ಟ ಎಲ್‌ಇಡಿ ಬಲ್ಬ್ ತೆಗೆದಿಟ್ಟು, ಮನೆಯಿಂದ ತಂದ ಹಳೆಯ ತಂತಿಯ ಬಲ್ಬ್ ಹಾಕಿಕೊಂಡಿದ್ದರು. ಹಳದಿ ಬೆಳಕಿನಲ್ಲಿ ತೊಳೆಯ ಬಣ್ಣ ಚೆನ್ನಾಗಿ ಕಾಣುತ್ತದಂತೆ.

ಏಳೂವರೆಗೆ ನಾನು ಆ ಕಡೆ ಹೋದಾಗ ಅಜ್ಜಿ ಕರೆದರು.

"ಏನಪ್ಪಾ, ಈ ಬಲ್ಬ್ ಕಣ್ಣು ಕುಕ್ಕುತ್ತಿದೆ. ಫ್ಯಾನು ನೋಡು, ಕಿತ್ತುಕೊಂಡು ಹೋಗುವ ಹಾಗೆ ತಿರುಗುತ್ತಿದೆ."

ತಲೆಯೆತ್ತಿ ನೋಡಿದೆ. ಹಳದಿಯಾಗಿರಬೇಕಾದ ಬಲ್ಬ್ ಬೆಳ್ಳಗೆ ಉರಿಯುತ್ತಿತ್ತು. ನೋಡಿಯೂ ಹೇಳಿದೆ: "ಜನರೇಟರ್ ಕರೆಂಟು ಹಾಗೆಯೇ ಅಜ್ಜಿ, ಮನೆಯದರಂತೆ ಮಂಕಾಗಿರುವುದಿಲ್ಲ."

ಸೊಂಟದಲ್ಲಿ ಮಲ್ಟಿಮೀಟರ್ ಇತ್ತು. ತೆಗೆಯಲಿಲ್ಲ.

ಅದಕ್ಕೂ ಹತ್ತು ನಿಮಿಷ ಮೊದಲು ಜ್ಯೂಸಿನವರು ಮಿಕ್ಸರ್ ಎಳೆಯುತ್ತಿಲ್ಲ, ಗೊರಗುಟ್ಟುತ್ತಿದೆ ಎಂದು ದೂರಿದ್ದರು. ಅದನ್ನು ಓವರ್‌ಲೋಡ್ ಎಂದುಕೊಂಡೆ. ಒಂದು ಕಡೆ ವೋಲ್ಟೇಜ್ ಬಿದ್ದಿದೆ, ಇನ್ನೊಂದು ಕಡೆ ಏರಿದೆ. ಐಟಿಐ ಹುಡುಗನೂ ಎರಡನ್ನೂ ಕೂಡಿಸಿ ನ್ಯೂಟ್ರಲ್ ಸಡಿಲ ಎನ್ನುತ್ತಿದ್ದ. ನ್ಯೂಟ್ರಲ್ ಸಡಿಲವಾದರೆ ಭಾರ ಹೆಚ್ಚಿರುವ ಫೇಸಿನಲ್ಲಿ ವೋಲ್ಟೇಜ್ ಬೀಳುತ್ತದೆ, ಕಡಿಮೆ ಇರುವಲ್ಲಿ ಏರುತ್ತದೆ. ನಾನು ಜನರೇಟರ್ ಹತ್ತಿರ ಹೋಗಿ ಪ್ಯಾನಲ್ ನೋಡಿದೆ. 415 ವೋಲ್ಟ್ ತೋರಿಸುತ್ತಿತ್ತು, ಫೇಸಿನಿಂದ ಫೇಸಿಗೆ ಇರಬೇಕಾದಷ್ಟೇ. ಸಮಾಧಾನವಾಗಿ ಚಹಾ ಕುಡಿದೆ. ಕೆಟ್ಟದ್ದು ಜನರೇಟರಿಗೂ ಡಿಬಿಗೂ ನಡುವೆ ಇದ್ದರೆ ಆ ಪ್ಯಾನಲ್ ಯಾವತ್ತೂ ಅದನ್ನು ತೋರಿಸುವುದಿಲ್ಲ.

ಎಂಟರ ಹೊತ್ತಿಗೆ ನಾಟಕ ಶುರುವಾಗಿತ್ತು. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಗುಬ್ಬಿ ನಮಗೆ ಇಪ್ಪತ್ತು ಕಿಲೋಮೀಟರ್ ದೂರ. ಈ ಜಿಲ್ಲೆಯಲ್ಲಿ ಹಾರ್ಮೋನಿಯಂ ಸದ್ದು ಕೇಳಿದರೆ ಜನ ಕೈಯಲ್ಲಿರುವ ತಿಂಡಿಯ ಸಮೇತ ಬಂದು ಕೂರುತ್ತಾರೆ. ಸಂಧಾನದ ದೃಶ್ಯಕ್ಕೆ ಪರದೆ ಬದಲಿಸಬೇಕಿತ್ತು. ನಮ್ಮ ಹುಡುಗ ವೇದಿಕೆಯ ಲೈಟುಗಳನ್ನೆಲ್ಲ ಒಟ್ಟಿಗೆ ಆರಿಸಿದ.

ಬ್ಲೂ ಫೇಸ್ ಮೇಲಿದ್ದ ಭಾರ ಒಮ್ಮೆಲೇ ಇಳಿಯಿತು. ಮೊದಲು ಹಣ್ಣಿನ ಸಾಲು ಹಗಲಿನಂತೆ ಬೆಳಗಿತು. ಆಮೇಲೆ ಪಟಪಟನೆ ಸದ್ದು. ಬಲ್ಬುಗಳು ಒಂದರ ಹಿಂದೆ ಒಂದು ಹೋದವು. ವೇದಿಕೆಯ ಸೌಂಡ್ ಮಿಕ್ಸರಿನಿಂದ ಹೊಗೆ ಎದ್ದು ಮೈಕ್ ಸತ್ತಿತು. ಮಾಲೀಕರು ಮುಂದಿನ ಸಾಲಿನಿಂದ "ಮೈಕ್ ನೋಡೋ, ಮೈಕ್!" ಎಂದು ಕೂಗಿದರು. ಡಿಬಿ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಅದನ್ನು ದಾಟಿಕೊಂಡು ವೇದಿಕೆಗೆ ಓಡಿದೆ.

ಮೆಟ್ಟಿಲು ಹತ್ತಿ, ಮಿಕ್ಸರಿನ ಪ್ಲಗ್ ಕಿತ್ತು, ತಿರುಗಿ ನೋಡಿದಾಗ ಕೊನೆಯ ಸಾಲಿನಲ್ಲಿ ನೀಲಿ ಕಿಡಿ ಕಂಡಿತು. ಆಗ ಬುದ್ಧಿ ಬಂತು. ಮೇಲಿನಿಂದಲೇ ಜಿಗಿದು ಬಂದು ಮೇನ್ ಇಳಿಸಿದೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಆ ಒಂದು ನಿಮಿಷವೂ ತಡವಾಗಬಾರದಿತ್ತು.

ಡಿಬಿ ಬಾಗಿಲು ತೆರೆದಾಗ ಸುಟ್ಟ ಪ್ಲಾಸ್ಟಿಕ್ ವಾಸನೆ ಮುಖಕ್ಕೆ ಹೊಡೆಯಿತು. ನ್ಯೂಟ್ರಲ್ ತಂತಿಯ ತುದಿಯನ್ನು ಬೋಲ್ಟಿಗೆ ಹಿಡಿಸುವ ಲೋಹದ ಲಗ್ ಕಪ್ಪಾಗಿ, ಪಕ್ಕದ ಇನ್ಸುಲೇಷನ್ ಬೆಲ್ಲದ ಪಾಕದಂತೆ ಕರಗಿ ಇಳಿದಿತ್ತು. ಲಗ್ ಸ್ವಲ್ಪ ತಣ್ಣಗಾದ ಮೇಲೆ ಬೋಲ್ಟ್ ಹಿಡಿದೆ. ಸ್ಪ್ಯಾನರ್ ಬೇಕಾಗಲಿಲ್ಲ, ಬೆರಳಿಗೇ ತಿರುಗಿತು. ಬೆಳಿಗ್ಗೆ ಅದನ್ನು ಬಿಗಿ ಮಾಡಿದ್ದವನು ನಾನೇ.

ಕೊನೆಯ ಮಳಿಗೆಗೆ ಹೋದೆ. ಕಿಡಿ ಬಂದದ್ದು ಮೊಬೈಲ್ ಚಾರ್ಜರಿನಿಂದ. ಅದು ಇಬ್ಭಾಗವಾಗಿ ಬಿದ್ದಿತ್ತು. ಅದರಿಂದ ಒಂದು ಮೊಳ ದೂರದಲ್ಲಿ ಅಜ್ಜಿಯ ಮೊಮ್ಮಗಳು ಗೋಣಿಚೀಲದ ಮೇಲೆ ಮಲಗಿದ್ದಳು. ಎದ್ದು ಅಳುತ್ತಿದ್ದಳು, ಏನೂ ಆಗಿರಲಿಲ್ಲ. ಅಜ್ಜಿ ನನ್ನನ್ನು ಬೈಯಲಿಲ್ಲ. "ಹೇಳಿದ್ದೆನಲ್ಲಪ್ಪಾ" ಎಂದರು, ಅಷ್ಟೇ. ಹನ್ನೊಂದು ವರ್ಷದಲ್ಲಿ ಕೇಳಿದ ಯಾವ ಬೈಗುಳವೂ ಇಷ್ಟು ಚುಚ್ಚಿಲ್ಲ.

ಅತ್ತ ಕೃಷ್ಣನ ಪಾತ್ರಧಾರಿ ಮೈಕ್ ಇಲ್ಲದೆಯೇ ಕಂದಪದ್ಯ ಎತ್ತಿಕೊಂಡಿದ್ದರು. ಜನ ಮೊಬೈಲ್ ಟಾರ್ಚ್ ಹಿಡಿದಿದ್ದರು. ನಾನು ಕತ್ತಲೆಯಲ್ಲಿ ಕೂತು ಹೊಸ ಲಗ್ ಕ್ರಿಂಪ್ ಮಾಡಿದೆ.

ಮಾರನೆಯ ಬೆಳಿಗ್ಗೆ ಫ್ರೀಜರ್‌ಗಳನ್ನು ಮೂರೂ ಫೇಸ್‌ಗೆ ಹಂಚಿದೆ. ಲೋಡ್ ಬಂದು ಒಂದು ಗಂಟೆಯಾದ ಮೇಲೆ ಮೇನ್ ಇಳಿಸಿ ಎಲ್ಲ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿದೆ. ಹತ್ತು ನಿಮಿಷ ಕರೆಂಟ್ ಹೋದದ್ದಕ್ಕೆ ಆಯೋಜಕರು ಮುಖ ಗಂಟಿಕ್ಕಿದರು, ಗಂಟಿಕ್ಕಲಿ. ಈಗ ಪ್ರತಿ ಕೆಲಸದಲ್ಲೂ ಕೊನೆಯ ಮಳಿಗೆಯಲ್ಲಿ ಫೇಸ್‌ನಿಂದ ನ್ಯೂಟ್ರಲ್‌ಗೆ ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ, 230ರ ಆಸುಪಾಸು ಇರಬೇಕು. ವೋಲ್ಟೇಜ್ ಏರಿದರೆ ತಾನೇ ಕಡಿಯುವ ರಿಲೇ ಹಾಕಿಸಿ ಎಂದು ಮಾಲೀಕರನ್ನು ಇನ್ನೂ ಕೇಳುತ್ತಲೇ ಇದ್ದೇನೆ. ಸುಟ್ಟ ಮಿಕ್ಸರಿನ ದುಡ್ಡಿಗಿಂತ ಅದರ ಬೆಲೆ ಎಷ್ಟೋ ಕಡಿಮೆ. ಮಿಕ್ಸರಿನ ಲೆಕ್ಕ ಎಲ್ಲರೂ ಕೇಳಿದರು, ಅಜ್ಜಿಯ ಫ್ಯಾನಿನ ಲೆಕ್ಕ ಯಾರೂ ಕೇಳಲಿಲ್ಲ. ಅದನ್ನು ನಾನೇ ತಂದುಕೊಟ್ಟೆ.

ಭಾನುವಾರ ಸಂಜೆ ಮೀಟರ್ ಹಿಡಿದು ಹೋದಾಗ ಕತ್ತಲಾಗಿತ್ತು. ಅಕ್ಕಪಕ್ಕದ ಮಳಿಗೆಗಳಲ್ಲೆಲ್ಲ ಬೆಳಕಿತ್ತು. ಅಜ್ಜಿ ಮಾತ್ರ ಬಲ್ಬ್ ಹಾಕಿರಲಿಲ್ಲ.

"ನೀನು ನೋಡಿ ಹೇಳು, ಆಮೇಲೆ ಹಾಕುತ್ತೇನೆ" ಎಂದರು.

231 ಇತ್ತು.