ಒಗ್ಗರಣೆಯ ವಾಸನೆ ಹಿಡಿದು

ಮುಂಬಯಿ ಫೋರ್ಟ್‌ನ ನಮ್ಮ ಕನ್ನಡ ರಾತ್ರಿ ಶಾಲೆಗೆ ನಾನು ಎಂಟನೇ ತರಗತಿಗೆ ಸೇರಿದೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಒಮ್ಮೆ ಒಡೆದ ಗ್ಲಾಸು ಚುಚ್ಚಿ ಬೆರಳು ಕೀವಾಗಿತ್ತು. ವಿಜ್ಞಾನದ ಮಾಸ್ಟ್ರು ಪಾಠ ನಿಲ್ಲಿಸಿ ಕೈ ಹಿಡಿದು ನೋಡಿದರು.

"ಈ ಕೀವಲ್ಲಿ ಇರುವುದು ಏನು ಗೊತ್ತುಂಟಾ? ನಿನಗಾಗಿ ಹೋರಾಡಿ ಸತ್ತ ಬಿಳಿ ರಕ್ತಕಣಗಳು ಮಾರಾಯ."

"ಗಾಯ ಎಲ್ಲಿ ಅಂತ ಅವಕ್ಕೆ ಹೇಗೆ ಗೊತ್ತಾಗ್ತದೆ ಸರ್?"

"ಒಗ್ಗರಣೆ ಹಾಕಿದರೆ ಅಡುಗೆಮನೆ ಯಾವ ಕಡೆ ಅಂತ ನಿನಗೆ ಗೊತ್ತಾಗುದಿಲ್ವಾ?"

ಅವತ್ತೇ ವಿಜ್ಞಾನಿ ಮೆಚ್ನಿಕಾಫ್ ಕಥೆಯನ್ನೂ ಹೇಳಿದರು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿಟ್ಟು, ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಕಣಗಳ ಗುಂಪು. ಅವರ ಶಿಷ್ಯ ಹಾಫ್‌ಕಿನ್ ನಮ್ಮ ಮುಂಬಯಿಗೇ ಬಂದು ಪ್ಲೇಗ್ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ಪರೇಲ್‌ನಲ್ಲಿ ಅವರ ಹೆಸರಿನ ಸಂಸ್ಥೆ ಈಗಲೂ ಇದೆಯಲ್ವಾ.

ಅದೇ ಪರೇಲ್‌ನ ಒಂದು ಲ್ಯಾಬ್‌ನಲ್ಲಿ ಮುಂದೆ ನನಗೆ ಕೆಲಸ ಸಿಕ್ಕಿತು. ಅಲ್ಲಿ ಆ ಒಗ್ಗರಣೆಯನ್ನು ಸಣ್ಣ ಬಾಟಲಿಯಲ್ಲಿ ಕಂಡೆ. ಬಿಳಿ ಪುಡಿ. ಮೆಥಿಯೋನಿನ್, ಲ್ಯೂಸಿನ್, ಫಿನೈಲ್‌ಅಲನಿನ್ ಎಂಬ ಮೂರೇ ಅಮೈನೋ ಆಮ್ಲ ಪೋಣಿಸಿ, ತಲೆಗೊಂದು ಫಾರ್ಮಿಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಸೇರಿಸಿದ ಪೆಪ್ಟೈಡ್, ಅಂದರೆ ಪ್ರೋಟೀನಿನ ಚಿಕ್ಕ ತುಂಡು. ಬ್ಯಾಕ್ಟೀರಿಯಾ ತನ್ನ ಪ್ರೋಟೀನುಗಳನ್ನು ಫಾರ್ಮಿಲ್ ಮೆಥಿಯೋನಿನ್‌ನಿಂದಲೇ ಶುರುಮಾಡುತ್ತದೆ. ನಮ್ಮ ದೇಹದಲ್ಲಿ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಒಳಗೆ ಬಿಟ್ಟರೆ ಆ ಪದ್ಧತಿ ಇಲ್ಲ. ಹಾಗಾಗಿ ಬಿಳಿ ಕಣಕ್ಕೆ ಅದು ಕಳ್ಳನ ವಾಸನೆ. ಕೈಯಲ್ಲಿ ತಯಾರಿಸಿದ ಇಂಥ ಪೆಪ್ಟೈಡಿಗೂ ಕಣಗಳು ಓಡಿಬರುತ್ತವೆ ಅಂತ 1975ರಲ್ಲಿ ಗೊತ್ತಾಯಿತು.

ಬೆಳಗ್ಗೆ ನನ್ನದೇ ರಕ್ತ ತೆಗೆದು ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳನ್ನು ಬೇರ್ಪಡಿಸುತ್ತಿದ್ದೆ. ಅವು ಜಾಸ್ತಿ ಹೊತ್ತು ಬಾಳುವುದಿಲ್ಲ, ಅವತ್ತೇ ಕೆಲಸ ಮುಗಿಸಬೇಕು. ಬಾಯ್ಡನ್ ಚೇಂಬರ್ ಎಂದರೆ ಮಹಡಿ ಮನೆ ಇದ್ದ ಹಾಗೆ. ಮೇಲೆ ಕಣಗಳು, ಕೆಳಗೆ ಪೆಪ್ಟೈಡ್, ನಡುವೆ 3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು) ತೂತುಗಳ ತೆಳು ಹಾಳೆ. ಕಣದ ಅಗಲವೇ 8-9 ಮೈಕ್ರಾನ್ ಇರುತ್ತದೆ. ಆದರೂ ಮೈ ಹಿಂಡಿಕೊಂಡು ನುಸುಳಿ ಬರುತ್ತದೆ. ಮೊದಲ ಸಲ ಕಂಡಾಗ ನನಗೆ ಕಣ್ಣು ತುಂಬಿತ್ತು.

ಒಂದು ಸಲ ಪೆಪ್ಟೈಡ್ ಸಾವಿರ ಪಟ್ಟು ಜಾಸ್ತಿ ಹಾಕಿಬಿಟ್ಟೆ. 10 ನ್ಯಾನೋಮೋಲಾರ್ ಇರಬೇಕಾದಲ್ಲಿ 10 ಮೈಕ್ರೋಮೋಲಾರ್. ಕಣಗಳು ಹೆಚ್ಚು ಬರುವುದಿರಲಿ, ದಾಟಿದ್ದೇ ಬೆರಳೆಣಿಕೆಯಷ್ಟು. ಇಡೀ ಹೋಟೆಲಿಗೇ ಒಗ್ಗರಣೆ ಹೊಗೆ ತುಂಬಿದರೆ ಅಡುಗೆಮನೆ ಯಾವ ಕಡೆ ಅಂತ ತಿಳಿಯುವುದು ಹೇಗೆ? ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಜಾಸ್ತಿ ಇದ್ದರೆ ತಾನೆ ದಾರಿ. ಅವತ್ತು ರಾತ್ರಿ ಮಾಸ್ಟ್ರಿಗೆ ಫೋನ್ ಮಾಡಿ ಇದನ್ನೇ ಹೇಳಿದೆ.

ಮುಂದಿನ ಶನಿವಾರ ಅವರೇ ನೋಡಲು ಬಂದರು. ಹಾಳೆಯ ಕೆಳಮೈಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟೆ. ಮೂರು ನಾಲ್ಕು ಹೋಳಿನ ನೀಲಿ ನ್ಯೂಕ್ಲಿಯಸ್‌ಗಳು.

"ಎಷ್ಟು ದಾಟಿದವು?"

"ಇಲ್ಲಿ ಕಾಣುವಷ್ಟರಲ್ಲಿ ನಲವತ್ತೆರಡು ಸರ್."

ಮಾಸ್ಟ್ರು ಕನ್ನಡಕ ತೆಗೆದಿಟ್ಟು ಮತ್ತೆ ಬಗ್ಗಿದರು. ರಾತ್ರಿ ಶಾಲೆಯಲ್ಲಿ ಹಾಜರಿ ತೆಗೆಯುವಾಗಿನ ಹಾಗೆ, ಬೆರಳು ಮಡಚುತ್ತಾ, ಒಂದೊಂದಾಗಿ ತಾವೇ ಎಣಿಸಿದರು.