ರಾತ್ರಿ ಪಾಳಿಯವರಿಗೂ ಕಲಿಸಿ

ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ಬರೀ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸಲು ಬಿಡುವ, ಅಂದರೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ನಮ್ಮ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯನ್ನು ಇವತ್ತು ಮತ್ತೆ ಓದಿದೆ. ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದ್ದ ವಿಷಯ. ಒಳ್ಳೆಯದೇ ಆಯಿತು. ಆದರೆ ನಡುರಾತ್ರಿ ವಾರ್ಡಿನಲ್ಲಿ ಇರುವವರು ನರ್ಸ್, ಆಯಾ, ವಾರ್ಡ್ ಬಾಯ್ ಅಲ್ವಾ? ಕೊನೆಗಾಲದಲ್ಲಿರುವ ರೋಗಿಯ ಒಣಗಿದ ತುಟಿಗೆ ಒದ್ದೆ ಹತ್ತಿ ಒತ್ತುವುದು, ಮಗ್ಗುಲು ಬದಲಿಸುವುದು, ನೋವು ತಗ್ಗಿಸುವ ಮಾರ್ಫಿನ್ ಅಂದರೆ ಹೆದರದೆ ಡಾಕ್ಟರ್ ಬರೆದಷ್ಟನ್ನು ಹೊತ್ತಿಗೆ ಸರಿಯಾಗಿ ಕೊಡುವುದು. ಗೊರಗೊರ ಉಸಿರು ಕೇಳಿ ಗಾಬರಿಯಾದ ಮನೆಯವರ ಪಕ್ಕ ಕೂತು, 'ಇದರಿಂದ ಅವರಿಗೆ ಸಾಮಾನ್ಯವಾಗಿ ಹಿಂಸೆ ಆಗುವುದಿಲ್ಲ ಅಮ್ಮಾ' ಅಂತ ತಿಳಿಸಿ ಹೇಳುವುದು ಇನ್ನೂ ಕಷ್ಟ. ಇದೆಲ್ಲ ಸುಮ್ನೆ ಬರುವುದಿಲ್ಲ, ಕಲಿಸಬೇಕು. ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥ ತರಬೇತಿ ಕೊಡುತ್ತಾರೆ. ಜಿಲ್ಲಾಸ್ಪತ್ರೆಗಳಲ್ಲೂ ಪ್ರತಿ ಪಾಳಿಗೆ ಹೀಗೆ ಕಲಿತವರು ಒಬ್ಬರಾದರೂ ಇರಬೇಕು ಅನ್ನುವುದು ನನ್ನ ಆಸೆ.