ಡಬಲ್ ಫಾಲ್ಟ್ ಗೊರಾನ್

2001ರ ವಿಂಬಲ್ಡನ್ ಫೈನಲ್ ಮತ್ತೆ ನೋಡಿದೆ. ಗೊರಾನ್ ಇವಾನಿಸೆವಿಚ್, ರ‍್ಯಾಂಕಿಂಗ್ 125, ಆಯೋಜಕರು ವೈಲ್ಡ್ ಕಾರ್ಡ್ ಅಂತ ವಿಶೇಷ ಅವಕಾಶ ಕೊಟ್ಟಿದ್ದಕ್ಕೆ ಒಳಗೆ ಬಂದವನು. ಅಲ್ಲೇ ಮೊದಲು ಮೂರು ಫೈನಲ್ ಸೋತಿದ್ದ. ಐದನೇ ಸೆಟ್, ಗೊರಾನ್ 8-7 ಮುಂದೆ, ಸರ್ವೀಸೂ ಅವನದೇ. ಇನ್ನೊಂದು ಪಾಯಿಂಟ್ ಬಂದ್ರೆ ಪಂದ್ಯವೇ ಕೈಗೆ ಅನ್ನೋ ಮ್ಯಾಚ್ ಪಾಯಿಂಟ್, ಮೊದಲೆರಡರಲ್ಲೂ ಡಬಲ್ ಫಾಲ್ಟ್, ಎರಡೂ ಸರ್ವೀಸ್ ತಪ್ಪಿ ಪಾಯಿಂಟ್ ಹೋಯ್ತು! ಎದುರಾಳಿಗೆ ಮುಟ್ಟೋಕೂ ಆಗದ ಸರ್ವೀಸ್, ಅಂದ್ರೆ ಏಸ್, ಹೊಡೆಯೋದೇ ಕಸುಬಾಗಿದ್ದವನಿಗೆ ಸರ್ವೀಸೇ ಕೈಕೊಡ್ತು. ಮೂರನೆಯದನ್ನ ಎದುರಾಳಿ ಪ್ಯಾಟ್ ರಾಫ್ಟರ್ ತಲೆ ಮೇಲಿಂದ ಲಾಬ್ ಎತ್ತಿ ಕಿತ್ಕೊಂಡ. ನಾಲ್ಕನೆಯದಕ್ಕೆ ರಾಫ್ಟರ್ ಹೊಡೆದದ್ದು ನೆಟ್‌ಗೆ. ಅಂತೂ ಗೆದ್ದ.

ಆಮೇಲೆ ಕೋಚ್. 2014ರಲ್ಲಿ ಮರಿನ್ ಚಿಲಿಚ್ ಯುಎಸ್ ಓಪನ್ ಗೆದ್ದಾಗ ಇವನೇ ಇದ್ದ. 2019ರಿಂದ 2024ರವರೆಗೆ ಜೊಕೊವಿಚ್ ಜೊತೆ. ಜೊಕೊವಿಚ್ ತನ್ನ ತಂಡ ಕೂತಿರೋ ಬಾಕ್ಸ್ ಕಡೆ ತಿರುಗಿ ರೇಗಾಡಿದಾಗ ಬೈಸಿಕೊಳ್ಳೋ ಸರದಿಯೂ ಇವನದೇ. ಗೊರಾನೂ ಒಂದು ಕಾಲಕ್ಕೆ ಇದ್ದ ರಾಕೆಟ್ಟೆಲ್ಲ ಮುರಿದು, ಆಡೋಕೆ ಏನೂ ಉಳೀದೆ ಪಂದ್ಯ ಬಿಟ್ಟುಕೊಟ್ಟಿದ್ದ ಆಸಾಮಿ! ಸಿಟ್ಟಿನವರಿಗೆ ಇಂಥ ಕೋಚೇ ಸರಿ ಅನ್ನಿಸ್ತು.